ದೊಡ್ಡವರ ಸಹಿಯ ಕೆಳಗೆ

ಗುರುವಾರ ಮಧ್ಯಾಹ್ನ ಊಟ ಮುಗಿಸಿ ಬಂದಾಗ ವಿನಾರ್ಸಿಯ ಮೇಜಿನ ಮೇಲೆ ಆ ಕಾಗದ ಬಂದು ಕೂತಿತ್ತು. ವರ್ಷಕ್ಕೊಮ್ಮೆ ಬರುವ ಕಾಗದವೇ. ಕಾರ್ಖಾನೆಯಲ್ಲಿ ತಪ್ಪು ನಡೆಯದಂತೆ ಹಾಕಿಕೊಂಡ ಕಟ್ಟುಪಾಡುಗಳೆಲ್ಲ ಸರಿಯಾಗಿ ನಡೆಯುತ್ತಿವೆ, ಯಾರೂ ಯಾವುದನ್ನೂ ದಾಟಿಲ್ಲ ಎಂದು ಹೂಡಿಕೆದಾರರಿಗೆ ಬರೆದುಕೊಡುವ ಮಾತು. ಕೊನೆಯಲ್ಲಿ ಮೂರು ಚೌಕಗಳು. ಮೊದಲನೆಯದರಲ್ಲಿ ಮೇಲ್ವಿಚಾರಣಾ ಮಂಡಳಿಯ ಅಧ್ಯಕ್ಷ ಸಸ್ಮಿತೊ ಅವರ ಸಹಿ, ನೀಲಿ ಶಾಯಿಯಲ್ಲಿ ಬಳ್ಳಿಯ ಹಾಗೆ ಬಾಗಿ, ಆಗಲೇ ಬಿದ್ದಿತ್ತು. ಎರಡನೆಯದರಲ್ಲಿ ನಿರ್ದೇಶಕ ತಿಗೋರ್ ಅವರದು, ಕಾಗದ ಹರಿಯುವಷ್ಟು ಒತ್ತಿ ಬರೆದದ್ದು. ಮೂರನೆಯ ಚೌಕ ಒಳತಪಾಸಣೆಯ ಮುಖ್ಯಸ್ಥೆಯದು. ವಿನಾರ್ಸಿ ಅದರಲ್ಲಿ ಹನ್ನೊಂದು ವರ್ಷಗಳಿಂದ ತನ್ನ ಕಿರುಸಹಿ ಹಾಕುತ್ತ ಬಂದಿದ್ದಳು.

ಈ ಸಲ ಅವಳು ಓದಿದಳು. ನಾಲ್ಕನೆಯ ಪುಟದಲ್ಲಿ ಒಂದು ಸಾಲಿತ್ತು: ಎರಡನೇ ಹಂಡೆಯ ಅವಘಡಕ್ಕೆ ಕೆಲಸಗಾರ್ತಿ ತುಗಿನಾಳ ಅಜಾಗರೂಕತೆಯೇ ಕಾರಣ, ಅವಳನ್ನು ಕೆಲಸದಿಂದ ತೆಗೆಯಲಾಗುವುದು. ಸೋಮವಾರ ಮಂಡಳಿಯ ಸಭೆ. ಅಷ್ಟರೊಳಗೆ ಚೌಕ ತುಂಬಬೇಕು.

ಜಾವಾದ ಸೋಲೋ ನಗರದ ಹೊರಗಿನ ಆ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಜಾಮು, ಅಲ್ಲಿಯವರು ದಿನವೂ ಕುಡಿಯುವ ಗಿಡಮೂಲಿಕೆಯ ಕಷಾಯ. ಕಾಡರಿಶಿನ, ಶುಂಠಿ, ಕಚೋರಗಳನ್ನು ಮುಚ್ಚಿದ ಹಂಡೆಗಳಲ್ಲಿ ಹಬೆಗೆ ಕುದಿಸಿ, ರಸ ಇಳಿಸಿ, ಬಾಟಲಿಗೆ ತುಂಬುತ್ತಿದ್ದರು. ಒಳಗಿನ ಹಬೆ ಪೂರ್ತಿ ಇಳಿಯುವ ತನಕ ಹಂಡೆಯ ಮುಚ್ಚಳ ತೆಗೆಯಲಾಗದಂತೆ ಒಂದು ಚಿಲಕವಿತ್ತು. ಆ ಚಿಲಕ ಪ್ರತಿ ಸಲ ಹನ್ನೆರಡು ನಿಮಿಷ ತಿನ್ನುತ್ತದೆಂದು ತಿಗೋರ್ ಲೆಕ್ಕ ಹಾಕಿದ್ದರು. ಚಿಲಕ ಬಿಚ್ಚಿಸೋಣ, ಹಬೆಯ ಮಾಪಕದ ಮುಳ್ಳು ನೋಡಿಕೊಂಡು ಕೆಲಸದವರೇ ಮುಚ್ಚಳ ತೆಗೆಯಲಿ ಎಂದು ಸಭೆಯಲ್ಲಿ ಹೇಳಿದರು. ಯಾರಿಗಾದರೂ ತಕರಾರಿದೆಯೇ ಎಂದು ಗೋಡೆ ನಡುಗುವ ದನಿಯಲ್ಲಿ ಕೇಳಿದರು. ಹನ್ನೊಂದು ಜನ ಮೇಜು ನೋಡುತ್ತ ಕೂತಿದ್ದರು. ಅವರಲ್ಲಿ ವಿನಾರ್ಸಿಯೂ ಒಬ್ಬಳು. ಆರು ವಾರ ಕಳೆದ ಮೇಲೆ ತುಗಿನಾ ಮುಚ್ಚಳ ತೆಗೆದಳು. ಮುಳ್ಳು ಸೊನ್ನೆ ತೋರಿಸುತ್ತಿತ್ತು. ಹಬೆ ಅವಳ ಎಡಗೈಯನ್ನು ಮೊಣಕೈಯಿಂದ ಕುತ್ತಿಗೆಯ ತನಕ ಬೇಯಿಸಿತು.

ವಿನಾರ್ಸಿ ಕಾಗದವನ್ನು ಚೀಲದಲ್ಲಿಟ್ಟುಕೊಂಡು ಆ ದಿನ ಬೇಗ ಹೊರಟಳು.

ತುಗಿನಾಳ ಮನೆ ಕಾರ್ಖಾನೆಯ ಹಿಂದಿನ ಓಣಿಯಲ್ಲಿತ್ತು. ಅಲ್ಲಿ ಗೌರವಕ್ಕೆ ಹೆಂಗಸರನ್ನು ಬು, ಗಂಡಸರನ್ನು ಪಕ್ ಎನ್ನುತ್ತಾರೆ. ದೊಡ್ಡ ಕಚೇರಿಯ ಬು ವಿನಾರ್ ತನ್ನ ಬಾಗಿಲಿಗೆ ಬಂದಿದ್ದು ನೋಡಿ ಅವಳು ಗಾಬರಿಯಾಗಿ ಎದ್ದು ನಿಂತಳು, ಒಂದೇ ಕೈಯಲ್ಲಿ ಚಹಾ ಬೆರೆಸಲು ಹೊರಟಳು. ಕೂರಿಸಬೇಕಾದರೆ ಸಾಕುಸಾಕಾಯಿತು. ಕೂತ ಮೇಲೂ ತನ್ನಿಂದ ಕಾರ್ಖಾನೆಗೆ ಕೆಟ್ಟ ಹೆಸರು ಬಂತೆಂದು ಎರಡು ಸಲ ಕ್ಷಮೆ ಕೇಳಿದಳು. ಕೈ ಹೇಗಿದೆ ಎಂದಿದ್ದಕ್ಕೆ, ಇಪ್ಪತ್ತು ವರ್ಷ ತಾನು ಶುಂಠಿ ಬೇಯಿಸಿದ್ದೆ, ಈಗ ಶುಂಠಿಯ ಸರದಿ ಎಂದು ನಕ್ಕಳು. ನಕ್ಕಾಗ ಕುತ್ತಿಗೆಯ ಚರ್ಮ ಎಳೆದು ಮುಖ ಕಿವುಚಿಕೊಂಡಿತು.

ಚಿಲಕವಿಲ್ಲದೆ ಅಪಾಯವೆಂದು ಅವಳಿಗೆ ಗೊತ್ತಿತ್ತೇ ಎಂದು ವಿನಾರ್ಸಿ ಕೇಳಿದಳು.

"ಗೊತ್ತಿತ್ತು ಬು. ಬೇರಿನ ಚೂರು ಆ ಕೊಳವೆಗೆ ಸಿಕ್ಕೊಂಡ್ರೆ ಮುಳ್ಳು ಸುಳ್ಳು ಹೇಳುತ್ತೆ. ಹಂಡೆ ಹತ್ರ ನಿಂತೋರಿಗೆಲ್ಲ ಗೊತ್ತಿರೋದೇ."

"ಮತ್ತೆ ಚಿಲಕ ಬಿಚ್ಚೋ ಒಪ್ಪಿಗೆ ಕಾಗದಕ್ಕೆ ಯಾಕೆ ಸಹಿ ಹಾಕ್ದೆ?"

ತುಗಿನಾಗೆ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. "ನನ್ನ ಹತ್ರ ಬರೋ ಹೊತ್ಗೆ ಮೇಲೆ ಪಕ್ ತಿಗೋರ್ ಸಹಿ ಇತ್ತು. ಅದರ ಕೆಳಗೆ ನಿಮ್ದಿತ್ತು. ನೀವು ಓದಿದೋರು, ನೋಡೇ ಹಾಕಿರ್ತೀರಿ ಅಂದ್ಕೊಂಡೆ. ನಿಮ್ಮ ಸಹಿ ನೋಡೇ ನಾನು ಹಾಕಿದ್ದು, ಬು."

ಅವಳ ಮಾತಿನಲ್ಲಿ ದೂರು ಇರಲಿಲ್ಲ. ಬರುವಾಗ ದಾರಿಯಲ್ಲಿ ಮಳೆ ಸಿಕ್ಕಿತೇ ಎಂದು ಕೇಳುವಷ್ಟೇ ಸಹಜವಾಗಿ ಹೇಳಿದ್ದಳು. ವಿನಾರ್ಸಿ ಚಹಾದ ಲೋಟದ ಮುಚ್ಚಳ ತೆಗೆದು ಮತ್ತೆ ಮುಚ್ಚಿದಳು. ಆವತ್ತು ಆ ಕಾಗದ ತನ್ನ ಮುಂದೆ ಬಂದಾಗ ತಾನೇನು ಅಂದುಕೊಂಡಿದ್ದೆನೆಂಬುದು ಅವಳಿಗೆ ಚೆನ್ನಾಗಿ ನೆನಪಿತ್ತು. ಹಂಡೆಯ ವಿಷಯ ನನಗೇನು ಗೊತ್ತು, ತೊಂದರೆಯಿದ್ದರೆ ಕೆಳಗಿನವರು ಹೇಳುತ್ತಾರೆ ಎಂದುಕೊಂಡಿದ್ದಳು. ಕೆಳಗಿನವಳು, ಮೇಲಿನವರು ನೋಡಿರುತ್ತಾರೆ ಎಂದುಕೊಂಡಿದ್ದಳು. ನಾಲ್ಕು ಸಹಿ ಬಿದ್ದಿದ್ದವು, ಒಬ್ಬರೂ ನೋಡಿರಲಿಲ್ಲ.

ನಿಯಮದ ಪ್ರಕಾರ ಕಾಗದ ಕೆಳಗಿನಿಂದ ಮೇಲಕ್ಕೆ ಹೋಗಬೇಕಿತ್ತು. ಕೆಲಸ ಬಲ್ಲವರು ಮೊದಲು, ಹೊಣೆ ಹೊರುವವರು ಕೊನೆಗೆ. ಅದನ್ನು ತಲೆಕೆಳಗು ಮಾಡಿದವರು ಕೆಟ್ಟವರೇನಲ್ಲ, ಪಕ್ ಸಸ್ಮಿತೊ. ಅವರು ನಿರ್ದೇಶಕರಾಗಿದ್ದ ಕಾಲದಲ್ಲಿ ಹೊಸದಾಗಿ ಬಂದ ಮೇಸ್ತ್ರಿಯೊಬ್ಬ ಯಾವುದೋ ಕಾಗದ ಹಿಡಿದು, ಸಹಿ ಹಾಕಲು ಹೆದರಿ, ಬೆವೆತು ನಿಂತಿದ್ದನಂತೆ. ಅವನ ಸಂಕಟ ನೋಡಲಾರದೆ, ಕೊಡಪ್ಪ, ನಾನೇ ಮೊದಲು ಹಾಕುತ್ತೇನೆ, ಭಾರ ನನ್ನ ಮೇಲಿರಲಿ ಎಂದು ಹಾಕಿಬಿಟ್ಟರು. ಆ ದೊಡ್ಡತನದ ಮಾತು ಕಾರ್ಖಾನೆಯಲ್ಲೆಲ್ಲ ಹರಡಿತು. ಅಂದಿನಿಂದ ಪ್ರತಿ ಕಾಗದವೂ ಮೇಲಿನಿಂದಲೇ ಶುರುವಾಯಿತು. ಹಿರಿಯರ ಸಹಿ ಬಿದ್ದ ಕಾಗದದ ಮೇಲೆ ಬೇಡವೆಂದು ಬರೆಯುವುದು ಜಾವಾದ ಮಣ್ಣಿನಲ್ಲಿ ಹುಟ್ಟಿ ಬೆಳೆದ ಯಾರಿಂದಾದೀತು? ಅವರು ಕೂತು ಎದ್ದ ಚಾಪೆಯನ್ನು ಅವರೆದುರಿಗೇ ಒದರಿದಂತೆ. ಆಮೇಲೆ ಬಂದ ತಿಗೋರ್ ಬೇರೆ ದ್ವೀಪದವರು, ಉತ್ತರದ ತೋಬಾ ಸರೋವರದ ಕಡೆಯ ಬಾತಕ್ ಜನಾಂಗದವರು. ಅವರು ಮೊದಲು ಸಹಿ ಹಾಕುತ್ತಿದ್ದದ್ದು ದಯೆಯಿಂದಲ್ಲ, ಅವಸರದಿಂದ. ಕಾರಣ ಯಾವುದಾದರೇನು, ಫಲ ಒಂದೇ ಆಯಿತು.

ಆ ಇಡೀ ಶನಿವಾರ ವಿನಾರ್ಸಿ ಮನೆಯೊಳಗೆ ಓಡಾಡಿದಳು. ಐವತ್ತೆರಡು ವರ್ಷದಲ್ಲಿ ಅವಳನ್ನು ಎಲ್ಲರೂ ಹೊಗಳಿದ್ದು ಒಂದೇ ವಿಷಯಕ್ಕೆ. ಯಾರಿಗೂ ಮುಜುಗರ ಮಾಡಿದವಳಲ್ಲ ಎಂದು. ಇಪ್ಪತ್ತರಲ್ಲಿ ಶಿಕ್ಷಕಿಯಾಗುವ ಓದು ಬಿಡಿಸಿ ಮದುವೆ ಗೊತ್ತು ಮಾಡಿದಾಗ ತಲೆ ತಗ್ಗಿಸಿದ್ದಳು. ತಗ್ಗಿಸಿದ ತಲೆಯನ್ನು ಅಪ್ಪ ಒಪ್ಪಿಗೆ ಎಂದು ತಿಳಿದರೋ, ಇಲ್ಲವೆಂದು ತಿಳಿದೂ ಸುಮ್ಮನಾದರೋ, ಅವಳಿಗೆ ಇಂದಿಗೂ ಗೊತ್ತಿಲ್ಲ. ಗಂಡನೊಂದಿಗೆ ಇಪ್ಪತ್ತೊಂದು ವರ್ಷ ಸಂಸಾರ ಮಾಡಿದ್ದಳು. ಅವನು ಒಳ್ಳೆಯವನೇ. ತೀರಿಕೊಳ್ಳುವ ಕೊನೆಯ ತಿಂಗಳಲ್ಲಿ, ನಿನಗೇನು ಇಷ್ಟ ಎಂದು ನನಗೆ ಯಾವತ್ತೂ ಗೊತ್ತಾಗಲಿಲ್ಲ ವಿನಾರ್ ಎಂದಿದ್ದ. ಆಗ ಅದನ್ನು ಮೆಚ್ಚುಗೆಯೆಂದೇ ತಿಳಿದಿದ್ದಳು. ಈಗ ಅಡುಗೆಮನೆಯ ಸಿಂಕಿನ ಮುಂದೆ ನಿಂತು ತಟ್ಟೆ ತೊಳೆಯುವಾಗ, ಅದೊಂದು ದೂರಾಗಿತ್ತೆಂದು ಹೊಳೆಯಿತು. ಅವನು ಒಂಟಿಯಾಗಿದ್ದ. ಅವಳ ಮೌನದ ಹೊರಗೆ ನಿಂತು ಬಾಗಿಲು ತಟ್ಟುತ್ತಿದ್ದ.

ಗಂಡ ಹೋದ ವರ್ಷ ಅವಳನ್ನು ಗುಮಾಸ್ತೆಯ ಕೆಲಸದಿಂದ ಎತ್ತಿ ಒಳತಪಾಸಣೆಯ ಮುಖ್ಯಸ್ಥೆಯ ಕುರ್ಚಿಯಲ್ಲಿ ಕೂರಿಸಿದವರು ಪಕ್ ಸಸ್ಮಿತೊ. ಅವಳು ತಟ್ಟೆ ಒರೆಸಿ ಜೋಡಿಸಿದಳು. ನಾಳೆ ಅವರ ಮನೆಗೆ ಹೋಗುವುದೆಂದು ನಿಶ್ಚಯಿಸಿದಳು. ಹೇಳಬೇಕಾದದ್ದನ್ನು ನಾಲ್ಕು ಜನರ ಮುಂದೆ ಅವರು ಮೊದಲ ಬಾರಿಗೆ ಕೇಳುವಂತಾಗಬಾರದು. ಅಷ್ಟು ಮರ್ಯಾದೆ ಅವರಿಗೆ ಸಲ್ಲಬೇಕು. ಅದಕ್ಕಿಂತ ಹೆಚ್ಚಿನದು ಈ ಸಲ ಸಾಧ್ಯವಿಲ್ಲ.

ಭಾನುವಾರ ಬೆಳಗ್ಗೆ ಅವರು ಅಂಗಳದಲ್ಲಿ ಎತ್ತರದ ಕಂಬಕ್ಕೆ ಹಕ್ಕಿಯ ಪಂಜರ ಏರಿಸುತ್ತಿದ್ದರು. ಮಲ್ಲಿಗೆಯ ಘಮದ ಚಹಾ ಬಂತು, ಬಿಸಿ ಸೆರಾಬಿ ದೋಸೆ ಬಂತು. ಹಕ್ಕಿಯ ದನಿ, ಮಲಾಂಗಿನಲ್ಲಿರುವ ವಿನಾರ್ಸಿಯ ಮಗಳು, ಈ ವರ್ಷದ ಸೆಖೆ, ಎಲ್ಲ ಮಾತಾಡಿ ಮುಗಿಯುವಾಗ ಅರ್ಧ ಗಂಟೆಯಾಗಿತ್ತು. ಆಮೇಲೆ ಅವರೇ ಮೆಲ್ಲಗೆ, ಕಾಗದ ತಲುಪಿತೇ ಎಂದರು. ಅವಳಿಗೆ ಭಾರವಾಗಬಾರದೆಂದು ತಾನೇ ಮೊದಲು ಹಾಕಿದ್ದೇನೆ ಎಂದರು.

"ಆ ಭಾರ ನನ್ನ ಮೇಲೇ ಬೀಳ್ಬೇಕು, ಪಕ್," ಎಂದಳು ವಿನಾರ್ಸಿ. ತನ್ನ ದನಿ ತನಗೇ ಹೊಸದಾಗಿ ಕೇಳಿತು. "ನಾಳೆ ನಾನು ಸಹಿ ಹಾಕೋದಿಲ್ಲ. ಅಲ್ಲಿ ಕೇಳಿ ನಿಮಗೆ ನೋವಾಗೋದು ಬೇಡ ಅಂತ ಇವತ್ತೇ ಬಂದೆ."

ಸಸ್ಮಿತೊ ಪಂಜರದ ಕಡೆ ನೋಡಿದರು. ಸಿಟ್ಟಾಗಿದ್ದರೆ ಸುಲಭವಾಗುತ್ತಿತ್ತು. ಆದರೆ ಅವರು ನಗುತ್ತಲೇ ಮಾತಾಡಿದರು. ಆ ಹೆಣ್ಣುಮಗಳನ್ನು ತಾನು ಕೈಬಿಡುವವನಲ್ಲ, ತನ್ನ ತಮ್ಮನ ಬಾತಿಕ್ ಬಟ್ಟೆಯ ಅಂಗಡಿಯಲ್ಲಿ ಒಂದು ಕೆಲಸ ನೋಡುತ್ತೇನೆ, ಆಸ್ಪತ್ರೆಯ ಖರ್ಚನ್ನೂ ತನ್ನ ಕೈಯಿಂದಲೇ ಕೊಡುತ್ತೇನೆ ಎಂದರು. ಕಾಗದದಲ್ಲಿ ಏನೋ ಒಂದು ಬರೆದಿರುತ್ತದೆ, ಅದು ಕಾಗದ ಅಷ್ಟೇ ಎಂದರು. ವಿನಾರ್ಸಿ ತಲೆಯಾಡಿಸಲಿಲ್ಲ. ಆಗ ಅವರು ಮೊದಲ ಬಾರಿಗೆ ಅವಳನ್ನು ನೇರವಾಗಿ ನೋಡಿದರು.

"ತಿಗೋರ್ ಹೊರಗಿನೋರು, ಬು. ಇವತ್ತಿರ್ತಾರೆ, ನಾಳೆ ಹೋಗ್ತಾರೆ. ನೀವು ನಾಳೆ ಆಡೋ ಮಾತು ಅವ್ರಿಗೆ ತಾಗಲ್ಲ. ನಂಗೆ ತಾಗುತ್ತೆ."

"ಗೊತ್ತು, ಪಕ್."

ಅವರು ಎಂದಿನಂತೆ ಗೇಟಿನ ತನಕ ಬಂದರು. ಎಂದಿನಂತೆ, ಮತ್ತೆ ಬನ್ನಿ ಎನ್ನಲಿಲ್ಲ.

ಸೋಮವಾರದ ಸಭೆಯಲ್ಲಿ ಪ್ರತಿಯೊಬ್ಬರ ಮುಂದೆ ತಿಂಡಿಯ ಪುಟ್ಟ ಡಬ್ಬಿ ಇತ್ತು. ಸಸ್ಮಿತೊ ತಮ್ಮದನ್ನು ತೆರೆದಿರಲಿಲ್ಲ, ಆದ್ದರಿಂದ ಉಳಿದವರೂ ತೆರೆದಿರಲಿಲ್ಲ. ತಿಗೋರ್ ಮಾತ್ರ ಆಗಲೇ ಬಾಳೆಲೆ ಬಿಚ್ಚಿ ಅನ್ನದ ಉಂಡೆ ತಿನ್ನುತ್ತ, ವಿನಾರ್ಸಿ ತಂದಿಟ್ಟ ಆ ವರ್ಷದ ವರದಿಯ ಪುಟ ತಿರುವುತ್ತಿದ್ದರು. ಕೊನೆಯ ಪುಟಕ್ಕೆ ಬಂದವರು ಹುಬ್ಬೇರಿಸಿದರು.

"ಏನ್ ಬು ವಿನಾರ್, ನಿಮ್ಮ ಚೌಕ ಖಾಲಿ ಇದೆ. ಪೆನ್ನಲ್ಲಿ ಶಾಯಿ ಮುಗೀತಾ?"

ಕೆಲವರು ನಕ್ಕರು. ವಿನಾರ್ಸಿ ಎದ್ದು ನಿಂತಳು. ಮೇಜಿನ ಅಂಚು ಹಿಡಿದುಕೊಂಡಳು.

"ಶಾಯಿ ಇದೆ, ಪಕ್. ನಾನೇ ಹಾಕಿಲ್ಲ."

ನಗು ನಿಂತಿತು. ಅವಳು ಹೇಳಲು ಶುರು ಮಾಡಿದಳು. ದನಿ ಎತ್ತಲಿಲ್ಲ. ಎತ್ತಲು ಬರುತ್ತಲೂ ಇರಲಿಲ್ಲ. ಚಿಲಕ ಬಿಚ್ಚಿದ ಕಾಗದದ ಪ್ರತಿಯನ್ನು ಮೇಜಿನ ನಡುವೆ ಇಟ್ಟು, ಯಾವ ಸಹಿ ಯಾವ ದಿನ ಬಿತ್ತೆಂದು ಒಂದೊಂದಾಗಿ ತೋರಿಸಿದಳು. ನಿರ್ದೇಶಕರದು ಮಂಗಳವಾರ, ತನ್ನದು ಬುಧವಾರ, ಮೇಸ್ತ್ರಿಯದು ಗುರುವಾರ, ತುಗಿನಾಳದು ಶುಕ್ರವಾರ. ಸಹಿ ಹಾಕಿದವರಲ್ಲಿ ಹಂಡೆಯ ಹತ್ತಿರ ನಿಂತು, ಮುಳ್ಳನ್ನು ನಂಬಲಾಗದೆಂದು ಬಲ್ಲವಳು ಅವಳೊಬ್ಬಳೇ, ಅವಳ ಬಳಿ ಕಾಗದ ಬಂದದ್ದು ಎಲ್ಲ ಮುಗಿದ ಮೇಲೆ ಎಂದಳು. ಮೂರು ಜನ ಹಿರಿಯರು ಒಪ್ಪಿದ್ದನ್ನು ಕೂಲಿಯವಳು ಬೇಡವೆನ್ನಬೇಕಿತ್ತು ಎಂದು ಈ ವರದಿ ಹೇಳುತ್ತದೆ, ಆ ಮಾತಿಗೆ ತಾನು ಸಹಿ ಹಾಕಲಾರೆ ಎಂದಳು.

ತಿಗೋರ್ ಕೈ ಒರೆಸಿಕೊಂಡು ಮೇಜು ಗುದ್ದಿದರು. "ನಾನು ಆವತ್ತು ಕೇಳಿದ್ದೆ. ಎಲ್ಲರಿಗೂ ಕೇಳೋ ಹಾಗೆ ಕೇಳಿದ್ದೆ. ನಮ್ಮೂರಲ್ಲಿ ಮದುವೆ ಮನೆಯ ಎಮ್ಮೆ ಮಾಂಸ ಹಂಚೋಕೂ ಮೂರು ಗಂಟೆ ಮಾತಾಡ್ತಾರೆ, ಪ್ರತಿಯೊಬ್ಬನೂ ಎದ್ದು ನಿಂತು ತನ್ನ ಪಾಲು ಕೇಳ್ತಾನೆ. ಸುಮ್ನೆ ಕೂತೋನು ಒಪ್ಪಿದ ಅಂತ್ಲೇ ಲೆಕ್ಕ. ಇಲ್ಲಿ ಹನ್ನೊಂದು ಬಾಯಿ ಇತ್ತು. ಒಂದೂ ತೆರೀಲಿಲ್ಲ."

"ನಿಮ್ಮೂರಲ್ಲಿ ಹಾಗೆ, ಪಕ್. ಇಲ್ಲಿ ಸುಮ್ನೆ ಕೂತೋರು ಒಪ್ಪಿರಲ್ಲ. ಹೆದರಿರ್ತಾರೆ, ಇಲ್ಲಾ ನಿಮ್ಮ ಮಾನ ಕಾಯ್ತಿರ್ತಾರೆ. ನೀವು ನಮ್ಮ ಜೊತೆ ಎರಡು ವರ್ಷ ಇದ್ದೀರಿ, ನಿಮಗೆ ಗೊತ್ತಾಗ್ಬೇಕಿತ್ತು. ನಾನು ಹುಟ್ಟಿದಾಗಿಂದ ಇಲ್ಲೇ ಇದ್ದೀನಿ. ನನಗೆ ನಿಮಗಿಂತ ಮೊದ್ಲು ಗೊತ್ತಾಗ್ಬೇಕಿತ್ತು. ಆ ಕಾಗದದಲ್ಲಿ ಎರಡನೇ ಸಹಿ ನಂದೇ. ಯಾರನ್ನಾದ್ರೂ ತೆಗೀಬೇಕು ಅಂದ್ರೆ ನನ್ನಿಂದ ಶುರು ಮಾಡಿ."

ಸಿಟ್ಟು ತಿಗೋರ್ ಮುಖದಲ್ಲಿ ಇನ್ನೂ ಇತ್ತು, ಆದರೆ ಅದಕ್ಕೆ ಎಲ್ಲಿ ಕೂರಬೇಕೆಂದು ತಿಳಿಯದಾಗಿತ್ತು. ಎದುರು ಮಾತು ಅವರಿಗೆ ಹೊಸತಲ್ಲ, ಈ ಕೋಣೆಯಲ್ಲಿ ಮಾತ್ರ ಹೊಸತು. ಕೊನೆಗೆ ಅವರು ಕುರ್ಚಿಗೆ ಒರಗಿ, ಏನು ಮಾಡಬೇಕು ಹೇಳಿ ಎಂದರು.

ಅವಳು ಹೇಳಿದಳು. ನಾಲ್ಕನೆಯ ಪುಟದ ಸಾಲು ಹೋಗಬೇಕು. ಈ ವರ್ಷ ನಮ್ಮ ಕಟ್ಟುಪಾಡು ಕೆಲಸ ಮಾಡಲಿಲ್ಲ ಎಂದೇ ಹೂಡಿಕೆದಾರರಿಗೆ ಬರೆಯಬೇಕು. ಚಿಲಕ ಇವತ್ತೇ ಮತ್ತೆ ಹಾಕಬೇಕು. ಇನ್ನು ಮುಂದೆ ಪ್ರತಿ ಕಾಗದವೂ ಆ ಕೆಲಸ ಮಾಡುವವರ ಕೈಯಿಂದ ಶುರುವಾಗಬೇಕು, ಅವರು ಸಹಿಯನ್ನೋ ಬೇಡವೆನ್ನಲು ಕಾರಣವನ್ನೋ ಬರೆಯುವ ತನಕ ಮೇಲಿನವರು ಪೆನ್ನು ಮುಟ್ಟಬಾರದು.

ಎಲ್ಲರೂ ಮೇಜಿನ ತಲೆಯ ಕಡೆ ನೋಡಿದರು. ಸಸ್ಮಿತೊ ಕಣ್ಣು ಮುಚ್ಚಿಕೊಂಡಿದ್ದರು.

"ಈ ಪದ್ಧತಿ ಶುರು ಮಾಡಿದ್ದು ನಾನು," ಎಂದರು, ಕಣ್ಣು ತೆರೆಯದೆ. "ಒಳ್ಳೇದಕ್ಕೇ ಮಾಡಿದ್ದೆ."

"ಹೌದು, ಪಕ್. ಒಳ್ಳೇದಕ್ಕೇ ಮಾಡಿದ್ರಿ. ಅದಕ್ಕೇ ನಮಗ್ಯಾರಿಗೂ ಬೇಡ ಅನ್ನೋಕೆ ಆಗ್ಲಿಲ್ಲ."

ಅವಳು ಕೂರಲಿಲ್ಲ. ಸಸ್ಮಿತೊ ವರದಿಯನ್ನು ತಮ್ಮ ಕಡೆ ಎಳೆದುಕೊಂಡರು. ತಮ್ಮ ಬಳ್ಳಿಯಂಥ ಸಹಿಯನ್ನು ಸ್ವಲ್ಪ ಹೊತ್ತು ನೋಡಿ, ಅದರ ಮೇಲೆ ಅಡ್ಡ ಒಂದು ಗೆರೆ ಎಳೆದರು. ಕಾಗದವನ್ನು ತಿಗೋರ್ ಕಡೆ ಸರಿಸಿದರು. ದಿನಕ್ಕೆ ನಾಲ್ಕು ಹಂಡೆ ಕಡಿಮೆಯಾಗುತ್ತದೆ, ಜಕಾರ್ತದ ಹೂಡಿಕೆದಾರರಿಗೆ ನೀವೇ ಉತ್ತರ ಹೇಳಿ ಎಂದು ಗೊಣಗುತ್ತ ತಿಗೋರ್ ಕೂಡ ಗೆರೆ ಎಳೆದರು, ಈ ಸಲ ಕಾಗದ ಹರಿದೇ ಹೋಯಿತು. ಸಭೆ ಮುಗಿದಾಗ ಸಸ್ಮಿತೊ ಎಲ್ಲರಿಗೂ ಕೈಜೋಡಿಸಿದರು. ವಿನಾರ್ಸಿಯ ಹತ್ತಿರ ಬಂದಾಗ ಅವರ ಕಣ್ಣು ಅವಳ ಹೆಗಲ ಆಚೆ ಎಲ್ಲೋ ಇತ್ತು.

ಅದಾದ ಮೇಲೆ ಅವರ ಮನೆಯಿಂದ ಯಾವ ಹಬ್ಬಕ್ಕೂ ಕರೆ ಬರಲಿಲ್ಲ. ಊಟದ ಹೊತ್ತಿನಲ್ಲಿ ಅವಳ ಪಕ್ಕದ ಕುರ್ಚಿ ಹಲವು ದಿನ ಖಾಲಿ ಉಳಿಯಿತು. ಯಾರೂ ಕೆಟ್ಟದಾಗಿ ಮಾತಾಡಲಿಲ್ಲ, ಮೊದಲಿಗಿಂತ ಹೆಚ್ಚು ಮರ್ಯಾದೆಯಿಂದ ನಡೆದುಕೊಂಡರು. ಆ ಮರ್ಯಾದೆ ಎಷ್ಟು ತಣ್ಣಗಿರುತ್ತದೆಂದು ಅವಳಿಗೆ ಗೊತ್ತಿತ್ತು, ಬೇರೆಯವರಿಗೆ ಅವಳೂ ಅದನ್ನು ಬಡಿಸಿದ್ದಳು. ಓದದೆ ಸಹಿ ಹಾಕಿದ್ದಕ್ಕೆ ತಿಗೋರ್ ಅವಳಿಗೆ ಎಚ್ಚರಿಕೆಯ ಪತ್ರ ಕೊಟ್ಟರು. ಅದನ್ನು ಅವಳೇ ಕೇಳಿ ಪಡೆದಿದ್ದಳು. ಬೆಳಗ್ಗೆ ಎದ್ದಾಗ ಒಮ್ಮೊಮ್ಮೆ ಎದೆ ಖಾಲಿಯೆನಿಸುತ್ತಿತ್ತು. ಆದರೂ ಅದೇ ಸಮಯಕ್ಕೆ ಸೀರೆಯಂಥ ಉದ್ದನೆಯ ಬಾತಿಕ್ ಸುತ್ತಿಕೊಂಡು, ಅದೇ ಬಸ್ಸು ಹತ್ತಿ, ಅದೇ ಕುರ್ಚಿಯಲ್ಲಿ ಹೋಗಿ ಕೂರುತ್ತಿದ್ದಳು.

ತುಗಿನಾ ಕೆಲಸಕ್ಕೆ ಮರಳಿದ್ದು ಎರಡೂವರೆ ತಿಂಗಳ ನಂತರ. ಅದೇ ವಾರ ವಿನಾರ್ಸಿ ತಾನೇ ಒಂದು ಹೊಸ ನಿಯಮ ಬರೆದು ಕಳಿಸಿದ್ದಳು. ಹಂಡೆ ನೋಡುವವರು ಹತ್ತು ನಿಮಿಷಕ್ಕೊಮ್ಮೆ ಹಬೆ, ಬಿಸಿ, ಹೊತ್ತು ಎಲ್ಲವನ್ನೂ ಪುಸ್ತಕದಲ್ಲಿ ದಾಖಲಿಸಬೇಕು. ಮೂರು ರಾತ್ರಿ ಕೂತು ಬರೆದದ್ದು. ಮೇಲಿನ ಚೌಕಗಳೆಲ್ಲ ಖಾಲಿಯಿದ್ದ ಆ ಕಾಗದ ಬುಧವಾರ ಅವಳ ಬಳಿ ವಾಪಸು ಬಂತು. ತೀರಾ ಕೆಳಗಿನ ಚೌಕದಲ್ಲಿ ಸಹಿ ಇರಲಿಲ್ಲ. ಬಿಡಿಬಿಡಿಯಾದ ದಪ್ಪ ಅಕ್ಷರಗಳಲ್ಲಿ, ಇದು ಆಗುವುದಿಲ್ಲ, ಬರೆಯುತ್ತ ಕೂತರೆ ಹಂಡೆ ನೋಡುವವರು ಯಾರು, ಎಂದು ಬರೆದಿತ್ತು. ಅಡಿಯಲ್ಲಿ ತುಗಿನಾಳ ಹೆಸರು.

ವಿನಾರ್ಸಿಯ ಕಿವಿ ಬಿಸಿಯಾಯಿತು. ಇವಳಿಗಾಗಿ ನಾನು ಏನೆಲ್ಲ ಕಳೆದುಕೊಂಡೆ ಎಂಬ ಮಾತು ಮೊದಲು ಎದ್ದು ಬಂತು. ಪಕ್ ಸಸ್ಮಿತೊಗೂ ಹೀಗೇ ಆಗಿದ್ದಿರಬೇಕು ಎಂಬುದು ಅದರ ಹಿಂದೆಯೇ ಬಂತು. ಅವಳು ಕಾಗದವನ್ನು ಮತ್ತೊಮ್ಮೆ ಓದಿದಳು. ಮೂರನೆಯ ಸಲ ಓದುವಾಗ, ಹೌದಲ್ಲ, ಹಂಡೆ ನೋಡುವವರು ಯಾರು ಎಂದು ತನ್ನನ್ನೇ ಕೇಳಿಕೊಂಡಳು. ಎದ್ದು ಮೆಟ್ಟಿಲಿಳಿದು ಕುದಿಸುವ ಕೋಣೆಗೆ ನಡೆದಳು.

ತುಗಿನಾ ಅವಳನ್ನು ಕಂಡು ಮುದುಡಿಕೊಂಡಳು. ಕುತ್ತಿಗೆಯ ಮೇಲಿನ ಹೊಸ ಚರ್ಮ ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು. ತಪ್ಪಾಯಿತು ಬು, ನೀವು ಹೇಗೆ ಹೇಳುತ್ತೀರೋ ಹಾಗೇ ಆಗಲಿ, ಕಾಗದ ಕೊಡಿ, ಈಗಲೇ ಸಹಿ ಹಾಕುತ್ತೇನೆ ಎಂದು ಕೈ ಚಾಚಿದಳು.

ವಿನಾರ್ಸಿ ಕಾಗದ ಕೊಡಲಿಲ್ಲ. "ಹತ್ತು ನಿಮಿಷ ಆಗಲ್ಲ ಅಂದೆಯಲ್ಲ. ಎಷ್ಟಾಗುತ್ತೆ?"

"ಅದು ನೀವೇ..."

"ನನಗೆ ಹಂಡೆ ಗೊತ್ತಿಲ್ಲ, ತುಗಿ. ನೀನು ಹೇಳು. ನಾನು ಕಾಯ್ತೀನಿ."

ಅವಳು ನಿಜವಾಗಿಯೂ ಕಾದಳು. ಅಲ್ಲಿದ್ದ ಖಾಲಿ ಪೆಟ್ಟಿಗೆಯೊಂದರ ಮೇಲೆ ಕೂತಳು. ಸುತ್ತ ಇದ್ದವರು ಕೆಲಸ ನಿಲ್ಲಿಸಿ ನೋಡಿದರು, ಆಮೇಲೆ ನೋಡುವುದನ್ನೂ ಬಿಟ್ಟರು. ಎರಡು ಹಂಡೆಗಳ ಮುಚ್ಚಳ ತೆರೆದು ಮುಚ್ಚುವಷ್ಟು ಹೊತ್ತಾಯಿತು. ತುಗಿನಾ ಹೆಗಲ ಬಟ್ಟೆಯಲ್ಲಿ ಮುಖ ಒರೆಸಿಕೊಂಡು ಹತ್ತಿರ ಬಂದಳು.

"ಅರ್ಧ ಗಂಟೆಗೊಮ್ಮೆ ಆಗುತ್ತೆ, ಬು," ಎಂದಳು, ನೆಲ ನೋಡುತ್ತ. ಆಮೇಲೆ ತಲೆ ಎತ್ತಿದಳು. "ಮತ್ತೆ ಸಂಜೆ ಪಾಳೀಲಿ ಎರಡು ಹಂಡೆಗೆ ಒಬ್ಳೇ ಇರ್ತಾಳೆ. ಇನ್ನೊಬ್ರು ಬೇಕು. ಅದನ್ನ ನೀವು ಬರೆದೇ ಇಲ್ಲ."

ವಿನಾರ್ಸಿ ಕಾಗದವನ್ನು ತೊಡೆಯ ಮೇಲೆ ಹರಡಿಕೊಂಡಳು. ತಾನು ಬರೆದ ಸಾಲನ್ನು ಹೊಡೆದು ಹಾಕಿ, ಅವಳು ಹೇಳಿದ್ದನ್ನು ಅವಳು ಹೇಳಿದ ಹಾಗೆಯೇ ಬರೆಯತೊಡಗಿದಳು.